ಆಕಾಶ ಕಾಯಲು ಅಗಲವಾದ ಕಣ್ಣು

ಮೆಕ್ಕೆಜೋಳ ತೆನೆಗಟ್ಟುವ ದಿನಗಳಲ್ಲಿ ಹಾನಗಲ್, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಸೀಮೆಯ ರೈತರಿಗೆ ರಾತ್ರಿ ಕಾವಲಿನ ಕಷ್ಟ ಗೊತ್ತು. ಕಾಡುಹಂದಿ ಯಾವ ಮೂಲೆಯಿಂದ ನುಗ್ಗೀತೆಂದು ಹೇಳಲಾಗದು. ಒಂದೇ ಬದುವಿಗೆ ಟಾರ್ಚ್ ಹಿಡಿದು ಕುಳಿತವನ ಬೆಳೆ ಉಳಿಯದು. ಇಡೀ ಹೊಲಕ್ಕೆ ಕಿವಿಗೊಟ್ಟು, ಸದ್ದಾದ ಕಡೆಗೆ ಥಟ್ಟನೆ ಬೆಳಕು ತಿರುಗಿಸಬಲ್ಲವನೇ ನಿಜವಾದ ಕಾವಲುಗಾರ. ಖಗೋಳ ವಿಜ್ಞಾನಿಗಳ ಮುಂದೆಯೂ ಇಂಥದೇ ಒಂದು ಸಮಸ್ಯೆಯಿದೆ. ಅದರ ಹೆಸರು ಗಾಮಾ ಕಿರಣ ಸ್ಫೋಟ.

ಭಾರೀ ನಕ್ಷತ್ರವೊಂದು ತನ್ನೊಳಗೇ ಕುಸಿದಾಗ ಅಥವಾ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಹೊಮ್ಮುವ ಮಿಂಚು ಅದು. ಸೆಕೆಂಡಿನ ಒಂದು ಭಾಗದಿಂದ ಕೆಲವು ನಿಮಿಷಗಳವರೆಗೆ ಇದ್ದು ಮಾಯವಾಗುತ್ತದೆ. ಎಲ್ಲಿ, ಯಾವಾಗ ಎಂಬ ಮುನ್ಸೂಚನೆ ಇಲ್ಲ. ನಮ್ಮ ವಾಯುಮಂಡಲ ಈ ಕಿರಣಗಳನ್ನು ತಡೆಯುವುದರಿಂದ ಕಾವಲುಗಾರ ಬಾಹ್ಯಾಕಾಶದಲ್ಲೇ ಇರಬೇಕು. ಇವನ್ನು ಮೊದಲು ಕಂಡದ್ದು ಅಮೆರಿಕದ ವೇಲಾ ಉಪಗ್ರಹಗಳು, 1967ರಲ್ಲಿ. ಕಳ್ಳತನದ ಅಣ್ವಸ್ತ್ರ ಪರೀಕ್ಷೆಗಳನ್ನು ಪತ್ತೆಹಚ್ಚಲು ಹಾರಿಸಿದ್ದ ಆ ಉಪಗ್ರಹಗಳ ಕಣ್ಣಿಗೆ ಬ್ರಹ್ಮಾಂಡದ ಸ್ಫೋಟಗಳು ಬಿದ್ದವು. ಈ ಸುದ್ದಿ ಲೋಕಕ್ಕೆ ತಿಳಿದದ್ದು 1973ರಲ್ಲಿ.

ಗಾಮಾ ಕಿರಣಗಳದು ಒಂದು ತೊಡಕಿದೆ. ಅವು ಕನ್ನಡಿಗೆ ಬಗ್ಗುವುದಿಲ್ಲ, ತೂರಿಕೊಂಡು ಹೋಗುತ್ತವೆ. ಹೀಗಾಗಿ ಸ್ಫೋಟ ಸಂಭವಿಸಿದ್ದು ತಿಳಿದರೂ ಅದು ಆಕಾಶದ ಯಾವ ಬಿಂದುವಿನಲ್ಲಿ ಎಂಬುದು ಮಸುಕಾಗಿಯೇ ಉಳಿಯುತ್ತಿತ್ತು. ಮೂವತ್ತು ವರ್ಷಗಳ ಈ ಒಗಟನ್ನು ಬಿಡಿಸಿದ್ದು ಅವುಗಳ ಜೊತೆಗೇ ಬರುವ ಕ್ಷ-ಕಿರಣಗಳು. 1997ರ ಫೆಬ್ರುವರಿ 28ರಂದು ಇಟಲಿ ಮತ್ತು ಡಚ್ಚರ ಬೆಪ್ಪೋಸ್ಯಾಕ್ಸ್ ಉಪಗ್ರಹದ ವಿಶಾಲ ನೋಟದ ಕ್ಷ-ಕಿರಣ ಕ್ಯಾಮೆರಾ ಸ್ಫೋಟವೊಂದರ ನೆಲೆಯನ್ನು ಗುರುತಿಸಿತು. ದೂರದರ್ಶಕಗಳು ಅತ್ತ ತಿರುಗಿ, ಸ್ಫೋಟ ಉಳಿಸಿಹೋದ ಕಿರುಬೆಳಕನ್ನು ಕಂಡವು. ಈ ಸ್ಫೋಟಗಳು ನಮ್ಮ ಆಕಾಶಗಂಗೆಯ ಆಚೆ, ಕೋಟ್ಯಂತರ ಬೆಳಕಿನ ವರ್ಷಗಳ ದೂರದಲ್ಲಿ ನಡೆಯುತ್ತವೆ ಎಂಬುದು ಅದೇ ವರ್ಷ ಖಚಿತವಾಯಿತು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲುಂಟು. ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಹಾರಿದ ಆರ್ಯಭಟದಲ್ಲೇ ಕ್ಷ-ಕಿರಣ ಖಗೋಳದ ಉಪಕರಣವಿತ್ತು. ವಿದ್ಯುತ್ ದೋಷದಿಂದ ಅದರ ಕೆಲಸ ಕೆಲವೇ ದಿನಗಳಿಗೆ ನಿಂತಿತು. ಗಾಮಾ ಸ್ಫೋಟ ಶೋಧಕವನ್ನು ಹೊತ್ತ ರೋಹಿಣಿ ಸರಣಿಯ ಉಪಗ್ರಹಗಳದು ಇನ್ನೂ ಕಠಿಣ ಹಾದಿ. 1987 ಮತ್ತು 1988ರಲ್ಲಿ ಎಎಸ್‌ಎಲ್‌ವಿ ರಾಕೆಟ್ ವಿಫಲವಾಗಿ ಎರಡು ಉಪಗ್ರಹಗಳು ಬಂಗಾಳ ಕೊಲ್ಲಿಯ ಪಾಲಾದವು. 1992ರ ಮೂರನೆಯದು ಉದ್ದೇಶಿತ ಎತ್ತರ ತಲುಪದೆ ಎರಡು ತಿಂಗಳೊಳಗೆ ಉರಿದುಹೋಯಿತು. ವಿಜ್ಞಾನಿಗಳು ಕೈಚೆಲ್ಲಲಿಲ್ಲ. 1994ರ ಮೇ 4ರಂದು ಹಾರಿದ ನಾಲ್ಕನೆಯದು ಕಕ್ಷೆಯಲ್ಲಿ ನೆಲೆನಿಂತು ಸ್ಫೋಟಗಳನ್ನು ದಾಖಲಿಸಿತು.

ಆ ಛಲದ ಫಲವೇ 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್. ಆಕಾಶವನ್ನು ಸರದಿಯಂತೆ ಗಾಲಿಸುತ್ತ ಹೋಗುವ ಅದರ ಕ್ಷ-ಕಿರಣ ಉಪಕರಣ ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ್ದು. ಇದೇ ನೌಕೆಯ ಮತ್ತೊಂದು ಉಪಕರಣ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ಸಿಜೆಡ್‌ಟಿಐ, 2023ರ ನವೆಂಬರ್‌ನಲ್ಲಿ ತನ್ನ ಆರುನೂರನೆಯ ಗಾಮಾ ಸ್ಫೋಟವನ್ನು ಕಂಡಿತು. ಐದು ವರ್ಷದ ಆಯುಸ್ಸಿಗೆಂದು ಕಟ್ಟಿದ ನೌಕೆಗೆ ಇದು ಸಣ್ಣ ಸಾಧನೆಯಲ್ಲ.

ಆದರೂ ಒಂದು ಘಟನೆ ಮರೆಯುವಂತಿಲ್ಲ. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ವಿಲೀನವಾದ ಸುದ್ದಿಯನ್ನು ಗುರುತ್ವ ಅಲೆಗಳು ತಂದವು. ಎರಡು ಸೆಕೆಂಡ್ ಕಳೆಯುವುದರೊಳಗೆ ಅಮೆರಿಕದ ಫರ್ಮಿ ಉಪಗ್ರಹ ಗಾಮಾ ಮಿಂಚನ್ನು ಕಂಡಿತು. ಚಿನ್ನದಂಥ ಭಾರಲೋಹಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು ಆಗಲೇ. ನಾವು ತೊಡುವ ಒಡವೆಯ ಮೂಲ ಹುಡುಕಿದ ಆ ಗಳಿಗೆಯಲ್ಲಿ ಆಸ್ಟ್ರೋಸ್ಯಾಟ್ ಭೂಮಿಯ ಮತ್ತೊಂದು ಮಗ್ಗುಲಲ್ಲಿತ್ತು! ಭೂಮಿಯೇ ಅಡ್ಡಬಂದಿತ್ತು. ಉಪಕರಣದಲ್ಲಿ ದೋಷವಿರಲಿಲ್ಲ, ಕಾವಲುಗಾರ ಒಬ್ಬನೇ ಇದ್ದ, ಅಷ್ಟೆ.

ಜಗತ್ತು ಈಗ ಇನ್ನೂ ಅಗಲವಾಗಿ ಕಣ್ಣು ಬಿಟ್ಟಿದೆ. ಸೀಗಡಿಯ ಕಣ್ಣಿನಲ್ಲಿ ಮಸೂರದ ಬದಲು ಸಾಲುಸಾಲು ಚೌಕ ಕೊಳವೆಗಳಿದ್ದು, ಅವುಗಳ ಗೋಡೆಗೆ ತಾಗಿದ ಬೆಳಕು ಪ್ರತಿಫಲಿಸಿ ಒಂದೆಡೆ ಸೇರುತ್ತದೆ. ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಪುಟಿಯುವಂತೆ ಕ್ಷ-ಕಿರಣವೂ ಓರೆಯಾಗಿ ಬಂದರೆ ಮಾತ್ರ ಪುಟಿಯುತ್ತದೆ. ಹಾಗಾಗಿ ಅದಕ್ಕೆ ಈ ರಚನೆ ಹೇಳಿ ಮಾಡಿಸಿದಂತಿದೆ. ಈ ತತ್ತ್ವದ ಮೇಲೆ ಕಟ್ಟಿದ, 2024ರ ಜನವರಿಯಲ್ಲಿ ಹಾರಿದ ಚೀನಾದ ಐನ್‌ಸ್ಟೈನ್ ಪ್ರೋಬ್ ಒಂದೇ ನೋಟಕ್ಕೆ ಆಕಾಶದ ಸುಮಾರು ಹನ್ನೊಂದನೆಯ ಒಂದು ಭಾಗವನ್ನು ನೋಡುತ್ತದೆ. ಅದೇ ಮಾರ್ಚ್ 15ರಂದು ಅದು ಕಂಡ ಸ್ಫೋಟದ ಬೆಳಕು ಹೊರಟಾಗ ವಿಶ್ವಕ್ಕೆ ಇನ್ನೂ ಸುಮಾರು 120 ಕೋಟಿ ವರ್ಷ ವಯಸ್ಸು. ಅಲ್ಲಿ ಗಾಮಾ ಕಿರಣಗಳಿಗಿಂತ ಆರು ನಿಮಿಷ ಮೊದಲೇ ಕ್ಷ-ಕಿರಣ ಕಾಣಿಸಿತ್ತು. ಗಾಮಾ ಶೋಧಕವನ್ನೇ ನೆಚ್ಚಿದ್ದರೆ ಆ ಪೀಠಿಕೆ ಕೈತಪ್ಪುತ್ತಿತ್ತು.

ನಮ್ಮಲ್ಲೂ ಯೋಜನೆಗೆ ಬರವಿಲ್ಲ. ಐಐಟಿ ಬಾಂಬೆ ಮುಂದಾಳತ್ವದಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ರೂಪಿಸಿರುವ 'ದಕ್ಷ' ಪ್ರಸ್ತಾಪದಲ್ಲಿ ಭೂಮಿಯ ಎರಡು ಎದುರುಬದುರು ಮಗ್ಗುಲಲ್ಲಿ ಎರಡು ಉಪಗ್ರಹಗಳಿರುತ್ತವೆ. 2017ರ ಕೊರತೆಗೆ ಇದೇ ಉತ್ತರ. ಚಂದ್ರಯಾನಕ್ಕೆ ಸಿಗುವ ಚಪ್ಪಾಳೆ ಇಂಥ ಮೌನ ಕಾವಲಿಗೆ ಸಿಗುವುದಿಲ್ಲ ನಿಜ. ಆದರೆ ನಾಲ್ಕನೆಯ ಯತ್ನದವರೆಗೆ ಕಾದ ನಾಡು ಇಲ್ಲಿಯವರೆಗೆ ಬಂದು ಕಣ್ಣು ಮುಚ್ಚಬಾರದು.

ಆಸ್ಟ್ರೋಸ್ಯಾಟ್‌ನ ದತ್ತಾಂಶ ಈಗ ಸಾರ್ವಜನಿಕ. ಹೊಸ ಸ್ಫೋಟಗಳ ಸೂಚನೆಗಳೂ ಮುಕ್ತವಾಗಿ ಸಿಗುತ್ತವೆ. ಸವಣೂರಿನ ಬಿ.ಎಸ್ಸಿ ವಿದ್ಯಾರ್ಥಿನಿಗೂ ನಾಸಾದ ವಿಜ್ಞಾನಿಗೂ ಆ ಸುದ್ದಿ ಒಂದೇ ಗಳಿಗೆಯಲ್ಲಿ ತಲುಪಬಲ್ಲದು. ಆದರೆ ಅದನ್ನು ಓದಿ ಅರ್ಥಮಾಡಿಕೊಳ್ಳುವ ಪಾಠ ಅವಳ ಕಾಲೇಜಿನಲ್ಲಿ ಇರಬೇಕು. ಮುಂದಿನ ಕಾವಲುಗಾರರನ್ನು ಬೆಳೆಸುವ ಹೊಲವೂ ಅದೇ.