ಸೂಪರ್ ಹೀರೋನ ಜಮಾ-ಖರ್ಚು

ದೊಡ್ಡ ಊರುಗಳ ಕಾಲೇಜಿಗೆ ಹೋದ ಮಕ್ಕಳು ರಜೆಗೆ ಮನೆಗೆ ಬರುವಾಗ ಒಗೆಯುವ ಬಟ್ಟೆಯ ಗಂಟಿನ ಜೊತೆಗೆ ಒಂದೊಂದು ಹೊಸ ಹುಚ್ಚನ್ನೂ ಹೊತ್ತು ತರುವುದು ನಿಮಗೆ ಗೊತ್ತಿರುವುದೇ. ಈಚೆಗೆ ಕೆಲವರು ತರುತ್ತಿರುವುದು ಒಂದು ಆಟ. ಅದಕ್ಕೆ ಕೇರಂನಂತೆ ಬೋರ್ಡು ಬೇಡ, ಇಸ್ಪೀಟಿನ ಎಲೆ ಬೇಡ, ಮೊಬೈಲೂ ಬೇಡ. ನಾಲ್ಕೈದು ಜನ ಚಾಪೆಯ ಮೇಲೆ ಕೂತು, ಒಬ್ಬೊಬ್ಬರೂ ಒಂದೊಂದು ಹಾಳೆ, ಪೆನ್ಸಿಲು ಹಿಡಿದು, ದಾಳ ಉರುಳಿಸುತ್ತಾ ಮೂರು ಗಂಟೆ ಮಾತಾಡುತ್ತಾರೆ. "ನಾನು ಹತ್ತನೇ ಮಹಡಿಯಿಂದ ಹಾರ್ತೀನಿ" ಅಂತಾನೆ ಒಬ್ಬ. "ಹಾರಪ್ಪಾ, ಆದ್ರೆ ನಿಮ್ಮಜ್ಜಿ ಕೆಳಗಡೆ ಬಸ್ಸಿನಲ್ಲಿ ಸಿಕ್ಕಿಕೊಂಡಿದಾರೆ" ಅಂತಾನೆ ಇನ್ನೊಬ್ಬ. ಏನ್ರೋ ಇದು ಅಂತ ಕೇಳಿ ನೋಡಿ. "ಅಮ್ಮ, ನಿಂಗೆ ಅರ್ಥ ಆಗಲ್ಲ ಬಿಡು" ಎನ್ನುವ ಉತ್ತರ ಸಿದ್ಧವಾಗಿರುತ್ತದೆ!

ಅರ್ಥವಾಗದೆ ಏನು? ತಿಂಗಳ ಸಂಬಳದಲ್ಲಿ ಮನೆ ತೂಗಿಸುವ ಯಾವ ಗೃಹಿಣಿಗೂ ಈ ಆಟದ ಒಳಗುಟ್ಟು ಮಕ್ಕಳಿಗಿಂತ ಬೇಗ ತಿಳಿದೀತು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ತಾಳಮದ್ದಳೆ ನೋಡಿದ್ದೀರಲ್ಲ? ವೇಷವಿಲ್ಲ, ಬಣ್ಣವಿಲ್ಲ. ಭಾಗವತರು ಕಥೆ ನಡೆಸುತ್ತಾರೆ. ಕೂತಲ್ಲೇ ಒಬ್ಬರು ಕೃಷ್ಣನಾಗಿ, ಒಬ್ಬರು ಕೌರವನಾಗಿ ಆ ಕ್ಷಣಕ್ಕೆ ಹೊಳೆದ ಮಾತಾಡುತ್ತಾರೆ. ಈ ಆಟದ ಏರ್ಪಾಡೂ ಹೆಚ್ಚು ಕಡಿಮೆ ಅಂಥದ್ದೇ. ಕಥೆ ನಡೆಸುವವನನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ಉಳಿದವರಿಗೆ ತಲೆಗೊಂದು ಪಾತ್ರ. ವ್ಯತ್ಯಾಸವೆಂದರೆ ತಾಳಮದ್ದಳೆಯಲ್ಲಿ ಕೊನೆಗೆ ಯಾರು ಗೆಲ್ಲುತ್ತಾರೆಂದು ಎಲ್ಲರಿಗೂ ಗೊತ್ತು. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ, ದಾಳ ಹೇಳಬೇಕು.

ಇದರ ತವರು ಅಮೆರಿಕ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಅದರಲ್ಲಿದ್ದುದು ಮಂತ್ರವಾದಿಗಳು, ಕತ್ತಿವೀರರು. ಸೂಪರ್ ಹೀರೋಗಳು ಬರಲು ಇನ್ನೂ ಮೂರು ವರ್ಷ ಬೇಕಾಯಿತು: 1977ರಲ್ಲಿ 'ಸೂಪರ್ ಹೀರೋ 2044'. ಆಮೇಲೆ 1979ರಲ್ಲಿ ಜೆಫ್ ಡೀ, ಜ್ಯಾಕ್ ಹರ್ಮನ್ ಎಂಬಿಬ್ಬರು ಹುಡುಗರು 'ವಿಲನ್ಸ್ ಅಂಡ್ ವಿಜಿಲಾಂಟೀಸ್' ಎಂಬುದನ್ನು ಬರೆದರು. ಅದರ ತಮಾಷೆ ಏನು ಗೊತ್ತೇ? ಆಟಗಾರ ತಾನೇ ಹೀರೋ! ತನ್ನ ನಿಜವಾದ ಮೈಬಲ, ಬುದ್ಧಿ ಎಷ್ಟೆಂದು ಅಂದಾಜು ಹಾಕಿಸಿಕೊಂಡು, ಅದರ ಮೇಲೆ ದಾಳ ಎಸೆದು ಬಂದ ಶಕ್ತಿಯನ್ನು ಕಟ್ಟಿಕೊಳ್ಳಬೇಕು. ಎದುರಿಗೆ ಕೂತ ಗೆಳೆಯರೇ "ನಿನ್ನ ಬುದ್ಧಿ ಇಷ್ಟೇ ಕಣೋ" ಅಂದರೆ ಹೇಗಿದ್ದೀತು, ನೀವೇ ಯೋಚಿಸಿ. ಎಷ್ಟು ಸ್ನೇಹ ಮುರಿದವೋ!

ದಾಳ ಕೊಟ್ಟಿದ್ದೇ ಶಕ್ತಿ ಎಂದಾಗ ಒಬ್ಬನಿಗೆ ಬೆಟ್ಟ ಎತ್ತುವ ಬಲ, ಇನ್ನೊಬ್ಬನಿಗೆ ಏನಕ್ಕೂ ಬಾರದ ವರ ಬರುವುದು ಸಹಜ. ಈ ತಾರತಮ್ಯ ತಪ್ಪಿಸಿದ್ದು 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊರಬಂದ 'ಚಾಂಪಿಯನ್ಸ್'. ಜಾರ್ಜ್ ಮ್ಯಾಕ್‌ಡೊನಾಲ್ಡ್ ಮತ್ತು ಸ್ಟೀವ್ ಪೀಟರ್ಸನ್ ಇದರ ಕರ್ತೃಗಳು. ನಮ್ಮ ಜಮಾ-ಖರ್ಚಿನ ಪುಸ್ತಕ ಶುರುವಾಗುವುದು ಇಲ್ಲಿಂದಲೇ.

ನೂರು ಅಂಕದ ಸಂಸಾರ

ಚಾಂಪಿಯನ್ಸ್ ಆಟದ ಮೊದಲ ಆವೃತ್ತಿಗಳಲ್ಲಿ ಎಲ್ಲರಿಗೂ ಸಮನಾಗಿ 100 ಅಂಕ ಕೈಗೆ ಕೊಟ್ಟು, "ತಗೋ, ಇದರಲ್ಲಿ ನಿನ್ನ ಹೀರೋನ ಕಟ್ಟಿಕೋ" ಅನ್ನುತ್ತಿದ್ದರು. ಪ್ರತಿ ಶಕ್ತಿಗೂ ಬೆಲೆಪಟ್ಟಿ ಇದೆ. ಮೈಬಲ 10 ಇದ್ದವನು 100 ಕಿಲೋ ಎತ್ತಬಲ್ಲ. ಬಲವನ್ನು ಒಂದು ಹೆಚ್ಚಿಸಲು ಒಂದು ಅಂಕ. ಆದರೆ ಪ್ರತಿ ಐದಕ್ಕೂ ಎತ್ತುವ ಭಾರ ಇಮ್ಮಡಿಯಾಗುತ್ತದೆ. ಐದು ಅಂಕ ಖರ್ಚು ಮಾಡಿದರೆ 200 ಕಿಲೋ, ಹತ್ತಕ್ಕೆ 400, ಹದಿನೈದಕ್ಕೆ 800. ಹೀಗೇ ಹೋದರೆ 50 ಅಂಕಕ್ಕೆ ಒಂದು ಲಕ್ಷ ಕಿಲೋಗೂ ಮೇಲೆ, ಅಂದರೆ ನೂರು ಟನ್ನು! ಕೈಯಿಂದ ಬೆಂಕಿಯನ್ನೋ ಮಿಂಚನ್ನೋ ಬಿಡುವ ಶಕ್ತಿಗೆ ದಾಳವೊಂದಕ್ಕೆ 5 ಅಂಕ. ಹತ್ತು ದಾಳದಷ್ಟು ಪೆಟ್ಟು ಬೇಕೆಂದರೆ ಅದೂ 50.

ಲೆಕ್ಕ ಹಾಕಿದಿರಾ? ನೂರಕ್ಕೆ ನೂರೂ ಮುಗಿಯಿತು. ಹಾರುವುದಕ್ಕೆ ಏನೂ ಉಳಿಯಲಿಲ್ಲ, ಓಡುವುದಕ್ಕಿಲ್ಲ, ಮೈಗೆ ರಕ್ಷಣೆಯಿಲ್ಲ, ತಲೆಯಲ್ಲಿ ಸಾಧಾರಣ ಬುದ್ಧಿ. ತಿಂಗಳ ಮೊದಲ ವಾರವೇ ರೇಷ್ಮೆ ಸೀರೆ ತಂದು ಇಪ್ಪತ್ತನೇ ತಾರೀಕಿಗೆ ಹಾಲಿನವನಿಗೆ ಮುಖ ತಪ್ಪಿಸುವ ಪರಿಸ್ಥಿತಿ. ಮೊದಲ ಸಲ ಹೀರೋ ಕಟ್ಟುವ ಹುಡುಗರೆಲ್ಲ ಬೀಳುವುದು ಈ ಹಳ್ಳಕ್ಕೇ.

ಇಲ್ಲಿ ಇನ್ನೊಂದು ಜಾಣ್ಮೆಯ ಮಾತಿದೆ. ಬೆಲೆ ಇರುವುದು ಪರಿಣಾಮಕ್ಕೆ ಮಾತ್ರ, ರೂಪಕ್ಕಲ್ಲ. ಸೌದೆ ಒಲೆಯಾಗಲಿ, ಗ್ಯಾಸಾಗಲಿ, ಕರೆಂಟಿನ ಒಲೆಯಾಗಲಿ, ಹಾಲು ಉಕ್ಕುವುದು ಒಂದೇ ತರಹ ತಾನೇ? ಹಾಗೆಯೇ ಹತ್ತು ದಾಳದ ಪೆಟ್ಟನ್ನು ಕೊಂಡವನು ಅದನ್ನು ಬೆಂಕಿ ಎಂದಾದರೂ ಕರೆಯಲಿ, ಮಂಜಿನ ಬಾಣವೆಂದಾದರೂ ಕರೆಯಲಿ, ಕಿವಿ ಒಡೆಯುವ ಕೂಗೆಂದಾದರೂ ಕರೆಯಲಿ, ಬೆಲೆ ಬದಲಾಗದು. ಹೀಗಾಗಿ ಪುಸ್ತಕದಲ್ಲಿ ಶಕ್ತಿಗಳ ಪಟ್ಟಿ ಚಿಕ್ಕದಾದರೂ ಅದರಿಂದ ಹುಟ್ಟುವ ಹೀರೋಗಳಿಗೆ ಲೆಕ್ಕವಿಲ್ಲ. ಅಕ್ಕಿ ಉದ್ದು ಎರಡೇ ಇಟ್ಟುಕೊಂಡು ಇಡ್ಲಿ, ದೋಸೆ, ಪಡ್ಡು ಮಾಡಿ ವಾರ ತಳ್ಳುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ವರದ ಜೊತೆಗೆ ಷರತ್ತು

ಅಂಕ ಸಾಲದೆ ಹೋದಾಗ ಏನು ಮಾಡುವುದು? ಶಕ್ತಿಗೆ ಷರತ್ತು ಹಾಕಿಕೊಂಡರೆ ಬೆಲೆ ಇಳಿಯುತ್ತದೆ. ಬೆಂಕಿ ಬರುವುದು ಕೈಯಿಂದಲ್ಲ, ಕೈಯಲ್ಲಿರುವ ದಂಡದಿಂದ. ಆ ದಂಡವನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದು ಅಂತಿಟ್ಟುಕೊಳ್ಳಿ. 50 ಅಂಕದ ಶಕ್ತಿ ಅರ್ಧಕ್ಕಿಳಿದು 25ಕ್ಕೆ ಸಿಗುತ್ತದೆ. ದಿನಕ್ಕೆ ಇಷ್ಟೇ ಸಲ ಬಳಸಬಹುದು ಎಂದರೂ ಇಳಿಕೆ ಉಂಟು. ಮಿಕ್ಕ ಅಂಕದಲ್ಲಿ ಹಾರುವ ಶಕ್ತಿ ಕೊಳ್ಳಬಹುದು.

ಪುರಾಣ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ಕರ್ಣನನ್ನೇ ತೆಗೆದುಕೊಳ್ಳಿ. ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಒಂದು ಸಲಕ್ಕೆ. ಅರ್ಜುನನಿಗೆಂದು ಜೋಪಾನ ಮಾಡಿದ್ದು ಘಟೋತ್ಕಚನ ಮೇಲೆ ಖರ್ಚಾಗಿ ಹೋಯಿತು. ಪರಶುರಾಮರಿಂದ ಕಲಿತ ಅಸ್ತ್ರ, ಬೇಕಾದ ಹೊತ್ತಿಗೆ ಮರೆತುಹೋಗಲಿ ಎಂಬ ಶಾಪ. ಕವಚ ಕುಂಡಲ ಹುಟ್ಟಿನಿಂದ ಬಂದದ್ದು, ಆದರೆ ಬೇಡಿದವರಿಗೆ ಇಲ್ಲವೆನ್ನಲಾರದ ಸ್ವಭಾವ. ಆ ಸ್ವಭಾವದಿಂದಲೇ ಅದನ್ನು ಕಳೆದುಕೊಂಡ. ಚಾಂಪಿಯನ್ಸ್ ಪುಸ್ತಕದಲ್ಲಿ ಈ ಮೂರಕ್ಕೂ ಬೇರೆ ಬೇರೆ ಕಾಲಂ ಉಂಟು: ಬಳಕೆಯ ಮಿತಿ, ಶಕ್ತಿಯ ಷರತ್ತು, ಮನಸ್ಸಿನ ದೌರ್ಬಲ್ಯ. ಅಮೆರಿಕದವರು ನಮ್ಮಿಂದ ತೆಗೆದುಕೊಂಡರು ಅಂತ ನಾನು ಹೇಳುತ್ತಿಲ್ಲ. ಕಥೆ ಹೇಳುವ ಕಷ್ಟ ಎಲ್ಲ ಕಡೆ ಒಂದೇ. ಸೂಪರ್‌ಮ್ಯಾನ್‌ಗೂ ಅದೇ ಆಯಿತು ನೋಡಿ: 1938ರಲ್ಲಿ ಹುಟ್ಟಿದವನನ್ನು ಯಾರಿಂದಲೂ ಏನೂ ಮಾಡಲಾಗದು ಎಂದಾದಾಗ, ಅವನ ಬಲ ಕುಂದಿಸುವ ಕ್ರಿಪ್ಟೊನೈಟ್ ಎಂಬ ಕಲ್ಲನ್ನು 1943ರಲ್ಲಿ ರೇಡಿಯೋ ನಾಟಕಕ್ಕೆ ತರಬೇಕಾಯಿತು.

ಮಕ್ಕಳು ಕಿಲಾಡಿಗಳು. "ನನ್ನ ಹೀರೋಗೆ ಸಮುದ್ರದ ತಳದಲ್ಲಿ ಮಾತ್ರ ಶಕ್ತಿ ಇರಲ್ಲ" ಅಂತ ಬರೆದು ಅಂಕ ಉಳಿಸಲು ನೋಡುತ್ತಾರೆ. ಕಥೆಯೆಲ್ಲ ನಡೆಯುವುದು ಪೇಟೆ ಬೀದಿಯಲ್ಲಿ! ಇದಕ್ಕೆ ಆಟದ ನಿಯಮವೇ ಉತ್ತರ ಕೊಡುತ್ತದೆ. ತೊಂದರೆಯನ್ನೇ ಕೊಡದ ಷರತ್ತಿಗೆ ಒಂದು ಅಂಕವೂ ಇಲ್ಲ. ಬೆಲೆ ಏರಿಸಿ ಆಮೇಲೆ ರಿಯಾಯಿತಿ ಎಂದು ಬೋರ್ಡು ಹಾಕುವ ಅಂಗಡಿಯವರ ಹತ್ತಿರ ನಾವು ಮಾಡುವ ಚೌಕಾಸಿಯೂ ಇದೇ ಅಲ್ಲವೇ?

ಹಾಳೆಯಲ್ಲಿ ಅಮ್ಮ

ಈಗ ನಮಗೆ ಸಂಬಂಧಪಟ್ಟ ವಿಷಯಕ್ಕೆ ಬರೋಣ. ನೂರು ಅಂಕದ ಮೇಲೆ ಇನ್ನೂ ಬೇಕೆಂದರೆ ಹೀರೋನ ಜೀವನದಲ್ಲೇ ತೊಡಕುಗಳನ್ನು ಬರೆದುಕೊಳ್ಳಬೇಕು. ಗುಟ್ಟಾಗಿಡಬೇಕಾದ ಹೆಸರು, ಬೆನ್ನು ಹತ್ತಿದ ಶತ್ರು, ಕೊಲ್ಲುವುದಿಲ್ಲವೆಂಬ ಪ್ರತಿಜ್ಞೆ. ಈ ಪಟ್ಟಿಯಲ್ಲೇ 'ಅವಲಂಬಿತರು' ಎಂಬುದೊಂದುಂಟು. ಹೀರೋನ ತಾಯಿ, ತಂಗಿ, ಅತ್ತೆ, ಪ್ರೇಯಸಿ, ಯಾರಾದರೂ ಸರಿ. ಸ್ಪೈಡರ್ ಮ್ಯಾನ್‌ಗೆ ಮೇ ಆಂಟಿ ಇದ್ದ ಹಾಗೆ. ಪ್ರತಿ ಆಟಕ್ಕೂ ಮೂರು ದಾಳ ಎಸೆದು ಅವರು ಆ ದಿನದ ಕಥೆಯಲ್ಲಿ ಸಿಕ್ಕಿಕೊಳ್ಳುತ್ತಾರೋ ಇಲ್ಲವೋ ನೋಡುತ್ತಾರೆ. 8 ಅಥವಾ ಕಡಿಮೆ ಬಿದ್ದರೆ ಬರುತ್ತಾರೆ ಎಂದು ಬರೆದಿದ್ದರೆ ನೂರಕ್ಕೆ ಸುಮಾರು 26 ಸಲ. 11 ಎಂದಿದ್ದರೆ 62ಕ್ಕೂ ಮೇಲೆ. 14 ಎಂದಿದ್ದರೆ 90 ಸಲ. ಹೆಚ್ಚು ಸಲ ಬಂದಷ್ಟೂ ಹೆಚ್ಚು ಅಂಕ.

ಅಂದರೆ ಏನಾಯಿತು? ಆ ಹಾಳೆಯಲ್ಲಿ ಅಮ್ಮ ಇರುವುದು ದೌರ್ಬಲ್ಯಗಳ ಪಟ್ಟಿಯಲ್ಲಿ! ಮೊದಲು ಓದಿದಾಗ ನನಗೆ ಕೊಂಚ ಸಿಟ್ಟೇ ಬಂತು. ಮನೆಮಂದಿಯೆಂದರೆ ಕಾಲಿಗೆ ಕಟ್ಟಿದ ಗುಂಡು ಎಂಬಂತೆ ಇದೆಯಲ್ಲ? ಆದರೆ ಇನ್ನೊಂದು ಕಡೆಯಿಂದ ನೋಡಿದರೆ, ಆ ಹುಡುಗ ಹಾರುತ್ತಿರುವುದು ಅಮ್ಮನಿಂದ ಬಂದ ಅಂಕದಲ್ಲೇ. ಅವಳ ಹೆಸರು ಅಳಿಸಿದರೆ ಅಷ್ಟು ಶಕ್ತಿಯೂ ಹಾಳೆಯಿಂದ ಹೋಗುತ್ತದೆ. ಸಿಟ್ಟು ಪೂರ್ತಿ ಇಳಿಯಿತು ಅನ್ನಲಾರೆ, ಅರ್ಧ ಇಳಿಯಿತು.

ಮುಂದೆ ಬಂದವರಿಗೂ ಇದು ಸರಿಕಾಣಲಿಲ್ಲವೆಂದು ತೋರುತ್ತದೆ. 1984ರ 'ಮಾರ್ವೆಲ್ ಸೂಪರ್ ಹೀರೋಸ್' ಆಟದಲ್ಲಿ 'ಕರ್ಮ' ಎಂಬ ಅಂಕವನ್ನೇ ಇಟ್ಟರು, ಹೌದು, ನಮ್ಮ ಕರ್ಮವೇ! ಜನರನ್ನು ಕಾಪಾಡಿದರೆ ಕರ್ಮ ಏರುತ್ತದೆ, ಹೀರೋ ಯಾರನ್ನಾದರೂ ಕೊಂದರೆ ಕೂಡಿಟ್ಟದ್ದೆಲ್ಲ ಸೊನ್ನೆ. ಸ್ಟೀವ್ ಕೆನ್ಸನ್ 2002ರಲ್ಲಿ ತಂದ 'ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್' ಆಟದ ನಂತರದ ಆವೃತ್ತಿಗಳಲ್ಲಿ ಇನ್ನೂ ಒಳ್ಳೆಯ ತಿದ್ದುಪಡಿ ಬಂತು. ತೊಡಕನ್ನು ಬರೆದ ಮಾತ್ರಕ್ಕೆ ಅಂಕವಿಲ್ಲ; ಆ ತೊಡಕು ಕಥೆಯಲ್ಲಿ ನಿಜವಾಗಿ ಕಾಡಿದಾಗ ಮಾತ್ರ ಒಂದು 'ಹೀರೋ ಪಾಯಿಂಟು'. ಮುಂಗಡ ಕೊಡುವುದಿಲ್ಲ, ಕೆಲಸ ಆದಮೇಲೆ ಕೂಲಿ. ಕಪಟಕ್ಕೆ ಜಾಗವೇ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2016ರಲ್ಲಿ ಬ್ರೆಂಡನ್ ಕಾನ್ವೇ ರಚಿಸಿದ 'ಮಾಸ್ಕ್ಸ್'. ಇದರ ಹೀರೋಗಳೆಲ್ಲ ಹದಿಹರೆಯದವರು. ಎಷ್ಟು ಟನ್ನು ಎತ್ತುತ್ತಾರೆ ಎಂಬ ಲೆಕ್ಕವೇ ಇದರಲ್ಲಿಲ್ಲ. ಹಾಳೆಯಲ್ಲಿರುವುದು ಐದು ಹಣೆಪಟ್ಟಿ: ಅಪಾಯಕಾರಿ, ವಿಚಿತ್ರ, ರಕ್ಷಕ, ಮೇಲುಗೈ, ಸಾಮಾನ್ಯ. ತನ್ನನ್ನು ತಾನು ಏನೆಂದು ಆ ಮಗು ಭಾವಿಸಿಕೊಂಡಿದೆ ಎಂಬುದಕ್ಕೆ ಒಂದೊಂದಕ್ಕೂ ಅಂಕ. ದೊಡ್ಡವರೊಬ್ಬರು ಬಂದು "ನೀನು ಅಂದ್ರೆ ಇಷ್ಟೇ" ಎಂದು ಮಾತಾಡಿದ ತಕ್ಷಣ ಒಂದು ಅಂಕ ಏರಿ ಇನ್ನೊಂದು ಇಳಿಯುತ್ತದೆ! "ನಿನ್ನಿಂದ ಬರೀ ಅನಾಹುತವೇ" ಅಂದರೆ 'ಅಪಾಯಕಾರಿ' ಮೇಲಕ್ಕೆ, 'ರಕ್ಷಕ' ಕೆಳಕ್ಕೆ. ಆ ಮಾತನ್ನು ತಳ್ಳಿಹಾಕಬೇಕೆಂದರೆ ಹೀರೋ ದಾಳ ಎಸೆದು ಗೆಲ್ಲಬೇಕು. ಪ್ರತಿ ಸಲವೂ ಗೆಲ್ಲುವುದಿಲ್ಲ. ಪಕ್ಕದ ಮನೆಯ ಹುಡುಗನ ಮಾರ್ಕ್ಸ್ ಕಾರ್ಡು ತಂದು ನಮ್ಮ ಮಕ್ಕಳ ಮುಂದೆ ಹಿಡಿಯುವ ಪರಿಪಾಠ ಇರುವವರು ಈ ಆಟವನ್ನು ಒಂದು ಸಲ ಬದಿಯಲ್ಲಿ ಕೂತು ನೋಡಬೇಕು.

ಇಂಥ ಆಟಗಳಿಂದ ಮಕ್ಕಳು ಕೆಡುತ್ತಾರೆ, ಮಾಟ ಮಂತ್ರ ಕಲಿಯುತ್ತಾರೆ ಎಂದು 1980ರ ದಶಕದಲ್ಲಿ ಅಮೆರಿಕದ ತಾಯಂದಿರಲ್ಲೂ ದೊಡ್ಡ ಗಾಬರಿ ಎದ್ದಿತ್ತು. ಆ ಗಾಬರಿ ಕಾಲಕ್ರಮದಲ್ಲಿ ತಣ್ಣಗಾಯಿತು, ಆಟ ಉಳಿಯಿತು. ಪರೀಕ್ಷೆಯ ಹಿಂದಿನ ರಾತ್ರಿ ಆಡಲು ಕೂತರೆ ಗದರಿ, ಅದು ಬೇರೆ ಮಾತು.

ಮನೆಯಲ್ಲೇ ಒಮ್ಮೆ ಪ್ರಯತ್ನಿಸಿ ನೋಡುವ ಮನಸ್ಸಿದ್ದರೆ ದುಬಾರಿ ಪುಸ್ತಕ ತರಿಸುವ ಅಗತ್ಯವಿಲ್ಲ. ಲೂಡೋ ಪೆಟ್ಟಿಗೆಯ ದಾಳ ಸಾಕು. ಮೂರು ಇಲ್ಲದಿದ್ದರೆ ಒಂದನ್ನೇ ಮೂರು ಸಲ ಎಸೆದು ಕೂಡಿಸಿ. ಮಗಳ ಕೈಗೆ ಒಂದು ಹಾಳೆ ಕೊಟ್ಟು ಅವಳ ಹೀರೋಗೆ ಎರಡೇ ಎರಡು ಶಕ್ತಿ ಬರೆಯಲು ಹೇಳಿ. ಮೂರನೆಯದು ಬೇಕು ಅಂದರೆ ಬದಲಿಗೆ ಒಂದು ಷರತ್ತು ಕೇಳಿ, ಅದೂ ನಿಜವಾಗಿ ಕಾಡುವಂಥದ್ದು. ಪೆನ್ಸಿಲಿನಲ್ಲೇ ಬರೆಸಿ, ಅಳಿಸುವುದು ಬಹಳ ಇರುತ್ತದೆ. ಹೀರೋ ಯಾವುದಕ್ಕೆ ಹೆದರುತ್ತಾಳೆ, ರಾತ್ರಿ ಊಟಕ್ಕೆ ಅವಳನ್ನು ಮನೆಯಲ್ಲಿ ಯಾರು ಕಾಯುತ್ತಾರೆ ಎಂದು ಕೇಳಿ. ಮಾರ್ಕ್ಸ್ ಕೇಳಿದಾಗ ಬಾಯಿ ಬಿಡದ ಮಕ್ಕಳು ಇದಕ್ಕೆ ಅರ್ಧ ಗಂಟೆ ಉತ್ತರ ಹೇಳುತ್ತಾರೆ.

'ಅವಲಂಬಿತರು' ಎಂಬ ಸಾಲಿನಲ್ಲಿ ನಿಮ್ಮ ಹೆಸರೇನಾದರೂ ಕಂಡರೆ ಬೇಸರಿಸಬೇಡಿ. ಪಕ್ಕದಲ್ಲಿ ಯಾವ ಸಂಖ್ಯೆ ಬರೆದಿದ್ದಾರೆ ನೋಡಿಕೊಳ್ಳಿ. 8 ಎಂದಿದ್ದರೆ ನಾಲ್ಕು ಆಟಕ್ಕೆ ಒಂದು ಸಲ ಅಮ್ಮನ ನೆನಪಾಗುತ್ತದೆ. 14 ಎಂದಿದ್ದರೆ ಹೆಚ್ಚು ಕಡಿಮೆ ಪ್ರತಿ ಸಲವೂ.