ಮೊದಲ ಹಿಡಿ



ದುಡ್ಡಿನ ಬಗ್ಗೆ ಕೂರಿಸಿಕೊಂಡು ಉಪದೇಶ ಮಾಡಿದವರಲ್ಲ ನಮ್ಮ ಅಪ್ಪ ಅಮ್ಮ. ಅಪ್ಪ ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಸಂಬಳ ಬಂದ ದಿನ ಹಾಲಿನವರಿಗೆ, ದಿನಸಿ ಅಂಗಡಿಗೆ, ಸೊಸೈಟಿ ಸಾಲದ ಕಂತಿಗೆ ಎಂದು ಚೀಟಿ ಬರೆಯುತ್ತಿದ್ದರು. ಅದರ ಮೊದಲ ಸಾಲು ಮಾತ್ರ ಯಾವಾಗಲೂ 'ಮಠಕ್ಕೆ'.

ಅಮ್ಮನ ಲೆಕ್ಕವೂ ಅದೇ. ಅನ್ನಕ್ಕೆ ಅಕ್ಕಿ ಅಳೆಯುವ ಮೊದಲು ಒಂದು ಹಿಡಿ ಬೇರೆ ಡಬ್ಬಿಗೆ. ಹಿಡಿಗೆ 50 ಗ್ರಾಂ ಎಂದರೂ ವರ್ಷಕ್ಕೆ 18 ಕೆ.ಜಿ. ಆಯಿತು! ಡಬ್ಬಿ ತುಂಬಿದಾಗ ಅದು ಸಿದ್ಧಗಂಗೆಗೆ ಹೋಗುತ್ತಿತ್ತು. ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ, ಓದು ಎಲ್ಲಾ ಉಚಿತ. 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಬೆಳೆಸಿದ ದಾಸೋಹ ಇಂದಿಗೂ ನಡೆದಿದೆ.

"ಸಾಲ ತೀರಿದ ಮೇಲೆ ಕೊಡಬಹುದಲ್ಲಪ್ಪಾ?" ಎಂದು ಹೈಸ್ಕೂಲಿನಲ್ಲಿದ್ದಾಗ ಕೇಳಿದ್ದೆ. "ಉಳಿದದ್ದು ಕೊಡ್ತೀನಿ ಅಂದ್ರೆ ಯಾವತ್ತೂ ಉಳಿಯಲ್ಲ ಕಣೋ" ಎಂದರು. ಹಾಗೆಂದು ಕೈಮೀರಿ ಕೊಟ್ಟವರೂ ಅಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಜನ.

ಅವರ ಭಕ್ತಿಯಲ್ಲಿ ವ್ಯಾಪಾರವಿರಲಿಲ್ಲ. ನನಗೆ ಇಂಜಿನಿಯರಿಂಗ್ ಸೀಟು ಸಿಗಲೆಂದು ಹರಕೆ ಹೊರಲಿಲ್ಲ. ಸೀಟು ಸಿಕ್ಕಿತೆಂದು ಅಮ್ಮನ ಹಿಡಿ ದೊಡ್ಡದಾಗಲಿಲ್ಲ, ಫೀಸು ಕಟ್ಟಿದ ತಿಂಗಳು ಚಿಕ್ಕದೂ ಆಗಲಿಲ್ಲ.

ಈಗ ಇಂಗ್ಲೆಂಡಿನಲ್ಲಿ ನನ್ನ ಸಂಬಳದ ದಿನವೂ ಹಾಗೆಯೇ. ಮನೆ ಸಾಲ, ಕೌನ್ಸಿಲ್ ಟ್ಯಾಕ್ಸ್‌ಗಿಂತ ಮೊದಲು ದಾನದ ಡೈರೆಕ್ಟ್ ಡೆಬಿಟ್ ಹೋಗುತ್ತದೆ. ಇಲ್ಲಿ ಆದಾಯ ತೆರಿಗೆ ಕಟ್ಟುವವರು ನೋಂದಾಯಿತ ಚಾರಿಟಿಗೆ ಕೊಡುವಾಗ 'ಗಿಫ್ಟ್ ಏಡ್' ಒಪ್ಪಿಗೆ ಕೊಟ್ಟರೆ, ಪ್ರತಿ 1 ಪೌಂಡಿಗೆ 25 ಪೆನ್ಸ್ ಅನ್ನು ಆ ಚಾರಿಟಿ ಸರ್ಕಾರದಿಂದ ಪಡೆಯಬಹುದು. ನಮಗೆ ಹೆಚ್ಚಿನ ಖರ್ಚಿಲ್ಲ.

ಅನುಕೂಲವೇನೋ ಸರಿ, ಆದರೆ ಮಗಳ ಕಣ್ಣಿಗೆ ಬೀಳುವುದೇನು? ನಾನು ಅಕ್ಕಿ ಡಬ್ಬಿ ನೋಡಿ ಕಲಿತವನು. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಯಾವ ಮಗು ಕಲಿಯುತ್ತದೆ? ಅದಕ್ಕೇ ಶನಿವಾರ ಸೂಪರ್ ಮಾರ್ಕೆಟ್ಟಿಗೆ ಹೋದಾಗ ಟ್ರಾಲಿಗೆ ಮೊದಲು ಬೀಳುವುದು ಫುಡ್ ಬ್ಯಾಂಕಿನ ಸಾಮಾನು. ಆರಿಸುವವಳು, ಬಾಗಿಲ ಬಳಿಯ ಬುಟ್ಟಿಗೆ ಹಾಕುವವಳು ಅವಳೇ.

"ಇದನ್ನ ಯಾರು ತಿಂತಾರಪ್ಪಾ?" ಎಂದಳು ಒಮ್ಮೆ.

"ಹಸಿದವರು, ಪುಟ್ಟಿ."

ಅಷ್ಟಕ್ಕೇ ಸುಮ್ಮನಾದಳು. ಮುಂದಿನ ವಾರ ತನಗಿಷ್ಟದ ಬಿಸ್ಕತ್ತಿನ ಪೊಟ್ಟಣವನ್ನೇ ತಂದು ಬುಟ್ಟಿಗೆ ಹಾಕಿದಳು.

ನಿಮ್ಮ ಮನೆಯಲ್ಲಿ ಈ ಪಾಠ ಮಕ್ಕಳಿಗೆ ಹೇಗೆ ದಾಟುತ್ತಿದೆ? ದಯವಿಟ್ಟು ಬರೆದು ತಿಳಿಸಿ.