ಎಣ್ಣೆಗಲ್ಲು, ಬಳಪದ ಕಲ್ಲು

ನಂಜನಗೂಡಿನ ಸ್ನಾನಘಟ್ಟದಲ್ಲಿ ಬೆಳಿಗ್ಗೆ ಆರೂವರೆಗೆಲ್ಲ ಬೋಳುತಲೆಗಳು ಸಾಲುಗಟ್ಟುತ್ತವೆ. ಮುಡಿ ಕೊಟ್ಟು ಕಪಿಲೆಯಲ್ಲಿ ಮುಳುಗೆದ್ದವರು. ಒದ್ದೆ ಪಂಚೆ, ನೆತ್ತಿಗೆ ಮೆತ್ತಿದ ಗಂಧ, ಅದರ ತಂಪಿಗೆ ಅಳು ನಿಲ್ಲಿಸಿ ತಬ್ಬಿಬ್ಬಾದ ಕೂಸುಗಳು. ಹದಿನಾರು ಕಾಲು ಮಂಟಪದ ಹತ್ತಿರ ಹೊಳೆ ಮೈ ತುಂಬಿಕೊಂಡಿಲ್ಲ, ಇದು ಬೇಸಿಗೆ. ಮಳೆಗಾಲದಲ್ಲಿ ಈ ಮಂಟಪ ಮುಳುಗಿತೆಂದರೆ ಮರುದಿನದ ಪೇಪರಿನಲ್ಲಿ ಫೋಟೊ ಗ್ಯಾರಂಟಿ. ಊರಿನವರಿಗೆ ಪ್ರವಾಹ ಅಳೆಯುವ ಮಾಪನವೇ ಅದು.

ನಾನು ಬಂದದ್ದು ಕಲ್ಲು ನೋಡಲು. ಶಿಲ್ಪ ಅಂದರೆ ಬೇಲೂರು, ಹಳೇಬೀಡು, ತಪ್ಪಿದರೆ ಸೋಮನಾಥಪುರ. ನಂಜನಗೂಡೆಂದರೆ ಹರಕೆ, ಇಲ್ಲವೇ ರಸಬಾಳೆ. ಶ್ರೀಕಂಠೇಶ್ವರನ ಗುಡಿಗೆ ಹೋಗಿ ಬಂದ ಹತ್ತು ಜನರನ್ನು ಗೋಡೆಯ ಮೇಲೆ ಏನಿತ್ತು ಎಂದು ಕೇಳಿ ನೋಡಿ, ಒಂಬತ್ತು ಜನ ಕ್ಯೂ ಎಷ್ಟುದ್ದ ಇತ್ತೆಂದು ಹೇಳುತ್ತಾರೆ. ತಪ್ಪೇನಿಲ್ಲ. ಅಲ್ಲಿ ದೇವರಿದ್ದಾನೆ, ನೋಡಲು ಬೇರೆ ಯಾಕೆ ಬೇಕು?

ಬೇಕು ಅನ್ನಿಸುವುದು ಗೋಪುರದ ಕೆಳಗೆ ನಿಂತು ಕತ್ತು ಎತ್ತಿದಾಗ. 120 ಅಡಿಯ ಎತ್ತರ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಕಟ್ಟಿಸಿದ್ದು. ಹಿಂದಿರುವ ಗುಡಿ 385 ಅಡಿ ಉದ್ದ, 160 ಅಡಿ ಅಗಲ, ಒಳಗೆ 147 ಕಂಬ. ಇದನ್ನು ಒಬ್ಬ ದೊರೆ ಒಂದೇ ಕೈಯಲ್ಲಿ ಕಟ್ಟಿಸಲಿಲ್ಲ. ನಡುವಿನ ಗರ್ಭಗುಡಿ ಹಳೆಯದು, ಚಿಕ್ಕದು, ಒಳಗೆ ಯಾವಾಗಲೂ ಮಬ್ಬು. ಅದರ ಸುತ್ತ ಈ ಸೀಮೆಯವರೇ ಆದ ಕಳಲೆಯ ದಳವಾಯಿಗಳು ಸೇರಿಸಿದರು, ದಿವಾನ್ ಪೂರ್ಣಯ್ಯ ಸೇರಿಸಿದರು, ಕೊನೆಗೆ ಮುಮ್ಮಡಿಯವರು ಕೈ ತುಂಬ ಸೇರಿಸಿದರು. ಹಳೇ ಹಟ್ಟಿಮನೆಗೆ ಮಗನೊಂದು ಕೋಣೆ, ಮೊಮ್ಮಗನೊಂದು ಪಡಸಾಲೆ ಎಳೆದುಕೊಂಡಂತೆ ಬೆಳೆದ ಗುಡಿ.

ಹೊರಗೋಡೆಯ ಮೇಲಂಚಿನಲ್ಲಿ ಇಡೀ ಗುಡಿಯ ಸುತ್ತ ಗೂಡು ಗೂಡಾಗಿ ಗಾರೆಯ ಗೊಂಬೆಗಳು ಕೂತಿವೆ. ಶಿವನ ಲೀಲೆಗಳು: ಒಂದರಲ್ಲಿ ಕುಣಿಯುತ್ತಾನೆ, ಒಂದರಲ್ಲಿ ಬೇಡುತ್ತಾನೆ, ಒಂದರಲ್ಲಿ ಆನೆಯ ಚರ್ಮ ಸುಲಿಯುತ್ತಾನೆ. ಬಣ್ಣದ ಮೇಲೆ ಬಣ್ಣ ಬಿದ್ದು ಮುಖಗಳೆಲ್ಲ ಒಂದಿಷ್ಟು ಊದಿಕೊಂಡಿವೆ. ಗೆರೆ ಬಿಟ್ಟು ಹರಿದ ಬಣ್ಣದಿಂದ ಕೆಲವರ ಮೀಸೆ ಕೆನ್ನೆಗೆ ಇಳಿದಿದೆ. ಕಲಾವಿಮರ್ಶಕರು ಗಾರೆಯನ್ನು ಕಂಡರೆ ಮೂಗು ಮುರಿಯುತ್ತಾರೆ. ನನಗೆ ಅವರ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಕಲ್ಲಿನಲ್ಲಿ ಉಳಿಯ ಏಟು ತಪ್ಪಿದರೆ ಕೆಲಸವೇ ಹೋಯಿತು. ಗಾರೆ ಕೆಲಸದವನು ಮಾತ್ರ ತಪ್ಪನ್ನು ಹೆಬ್ಬೆರಳಲ್ಲಿ ಒತ್ತಿ ಸರಿಮಾಡುತ್ತಾನೆ. ಈ ಶಿವನ ಮುಖಗಳಲ್ಲಿ ಒಂದು ಸಲಿಗೆ ಇದೆ, ಸಂತೆಯಲ್ಲಿ ಸಿಕ್ಕಿದ ನೆಂಟನ ಹಾಗೆ.

ಒಳಗಿನ ಪ್ರಾಕಾರದಲ್ಲಿ ಅರವತ್ತಮೂರು ಪುರಾತನರು ಸಾಲಾಗಿ ನಿಂತಿದ್ದಾರೆ. ತಮಿಳುನಾಡಿನ ಶಿವಶರಣರು, ಹರಿಹರನ ರಗಳೆಗಳ ಮೂಲಕ ಕನ್ನಡಕ್ಕೆ ಒಗ್ಗಿ ನಮ್ಮವರೇ ಆಗಿಹೋದವರು. ಕೈಮುಗಿದ ಭಂಗಿ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಗುಂಪಿನಲ್ಲಿ ಬಂದ ಹುಡುಗರು ಹುಡುಕುವುದು ಒಬ್ಬನನ್ನೇ, ಬೇಡರ ಕಣ್ಣಪ್ಪನನ್ನು. 1954ರ ಸಿನಿಮಾದಲ್ಲಿ ರಾಜ್‌ಕುಮಾರ್ ಕಣ್ಣಪ್ಪನಾಗಿ ಬಂದದ್ದು ಇಲ್ಲಿಯ ಕಲ್ಲಿಗೂ ಒಂದು ಮುಖ ಕೊಟ್ಟುಬಿಟ್ಟಿದೆ. "ಅದೇ ಕಣ್ಲಾ, ಅಣ್ಣಾವ್ರು" ಅಂದ ಒಬ್ಬ. ಜತೆಗಾರ ಕೈಮುಗಿದ. ಯಾರಿಗೆ ಮುಗಿದನೋ, ಶಿವನಿಗೇ ಗೊತ್ತು.

ಈ ಸಾಲನ್ನು ಯಾರೂ ನಿಂತು ನೋಡುವುದಿಲ್ಲ, ಆದರೆ ಎಲ್ಲರೂ ಮುಟ್ಟುತ್ತಾರೆ. ಹೋಗುತ್ತಾ ಹೋಗುತ್ತಾ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಬ್ಬ ಅಜ್ಜಿ ಪೊಟ್ಟಣದಿಂದ ವಿಭೂತಿ ತೆಗೆದು ಒಬ್ಬೊಬ್ಬರ ಹಣೆಗೂ ಹಚ್ಚುತ್ತಾ ನಡೆದಳು. ಮದುವೆ ಮನೆಯಲ್ಲಿ ಪಂಕ್ತಿಗೆ ಉಪ್ಪು ಬಡಿಸಿದ ಹಾಗೆ, ಒಬ್ಬರನ್ನೂ ಬಿಡದೆ. ಎಷ್ಟೋ ತಲೆಮಾರಿನ ಎಣ್ಣೆ, ಕುಂಕುಮ, ದೀಪದ ಮಸಿ ಸೇರಿ ಕಲ್ಲಿಗೆ ಇನ್ನೊಂದು ಚರ್ಮ ಬಂದಿದೆ. ಶಿಲ್ಪಿ ಕೆತ್ತಿದ ಬೆರಳ ಸಂದು, ಜಪಮಣಿಯ ಗೆರೆ ಎಲ್ಲ ಅದರೊಳಗೆ ಹೂತಿವೆ. ಶಿಲ್ಪ ಕೆಡುತ್ತಿದೆ ಅನ್ನಬೇಕೋ, ಕೆಲಸ ಇನ್ನೂ ಮುಗಿದಿಲ್ಲ ಅನ್ನಬೇಕೋ.

ಮುಮ್ಮಡಿ ಕೃಷ್ಣರಾಜರ ಹುಚ್ಚು ಗೊತ್ತಾಗಬೇಕಾದರೆ ಗಣಪತಿಗಳ ಹತ್ತಿರ ನಿಲ್ಲಬೇಕು. ದೇವತೆಗಳ ರೂಪಲಕ್ಷಣಗಳನ್ನೆಲ್ಲ ಬಣ್ಣದ ಚಿತ್ರ ಸಮೇತ ಒಟ್ಟುಹಾಕಿಸಿದ 'ಶ್ರೀತತ್ತ್ವನಿಧಿ' ಅವರದು, ಒಂಬತ್ತು ನಿಧಿಗಳ ಭಾರಿ ಗ್ರಂಥ. ಅದರಲ್ಲಿ ಗಣಪತಿಗೆ 32 ರೂಪ. ಪುಸ್ತಕದಲ್ಲಿ ಬರೆಸಿದ್ದು ಸಾಲದೆಂದು ಅದೇ ಕಾಲಕ್ಕೆ ಆ 32 ರೂಪಗಳನ್ನು ನಂಜನಗೂಡಿನಲ್ಲೂ ಚಾಮರಾಜನಗರದಲ್ಲೂ ಮಾಡಿಸಿಟ್ಟರು. ಬಾಲಗಣಪತಿ, ತರುಣಗಣಪತಿ, ವೀರಗಣಪತಿ, ನೃತ್ಯಗಣಪತಿ... ಅಧಿಕಾರ 1831ರಲ್ಲೇ ಬ್ರಿಟಿಷ್ ಕಮಿಷನರರ ಪಾಲಾಗಿತ್ತು. ದೊರೆಗೆ ಆಳಲು ಉಳಿದದ್ದು ಕವಿಗಳು, ಚಿತ್ರಗಾರರು, ಕಲ್ಲುಕುಟಿಗರು, ಮತ್ತೆ ಮೂವತ್ತೆರಡು ಗಣಪತಿಗಳು. ಚೆನ್ನಾಗಿಯೇ ಆಳಿದರು.

ಇನ್ನೊಬ್ಬ ದೊರೆಯ ಗುರುತೂ ಇಲ್ಲಿದೆ. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಕಾಣದಾಯಿತಂತೆ, ನಂಜುಂಡನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತಂತೆ, ಅದಕ್ಕೆ ಪಚ್ಚೆಲಿಂಗ ಒಪ್ಪಿಸಿ ದೇವರನ್ನು ಹಕೀಂ ನಂಜುಂಡ ಎಂದು ಕರೆದನಂತೆ. ವಿಷ ಕುಡಿದು ಅರಗಿಸಿಕೊಂಡವನು ವೈದ್ಯನಲ್ಲದೆ ಮತ್ತೇನು? ಜನಪದರಿಗೆ ಇವನು ವೈದ್ಯನಿಗಿಂತ ಹೆಚ್ಚಾಗಿ ರಸಿಕ. ಮನೆಯಲ್ಲಿ ದೇವೀರಿ ಇದ್ದೂ ಬೆಟ್ಟದ ಚಾಮುಂಡಿಗೆ ಮನಸೋತು ಹೊಳೆ ದಾಟಿ ಹೋಗುತ್ತಾನೆ; ಸವತಿಯರ ಜಗಳ ರಾತ್ರಿಯಿಡೀ ಹಾಡಿದರೂ ಮುಗಿಯುವುದಿಲ್ಲ. ಗರ್ಭಗುಡಿಯಲ್ಲಿ ಮಂತ್ರ ಕೇಳಿಸಿಕೊಳ್ಳುವ ಅದೇ ಲಿಂಗ, ಕಂಸಾಳೆಯವರ ಬಾಯಲ್ಲಿ ಹೆಂಡತಿಗೆ ಹೆದರುವ ಗಂಡ.

ಬಸ್ಸು ಕಪಿಲೆ ಹರಿದ ದಿಕ್ಕಿಗೇ ಹೊರಟಿತು, ತಿರುಮಕೂಡಲಿನ ಕಡೆಗೆ. ಕಬ್ಬು, ಭತ್ತ, ನಾಲೆ, ಮತ್ತೆ ಕಬ್ಬು. ಪ್ರತಿ ಊರಿನ ಬಾಗಿಲಲ್ಲೂ ಒಂದು ಮಾರಿಗುಡಿ, ಒಂದು ಬಸವ, ಅಂಬೇಡ್ಕರರ ಒಂದು ಪ್ರತಿಮೆ.

ತಿ. ನರಸೀಪುರದಲ್ಲಿ ಎರಡು ಹೊಳೆ ಕಣ್ಣಿಗೆ ಕಾಣುತ್ತವೆ, ಮೂರನೆಯದು ನಂಬಿಕೆಗೆ. ಕಾವೇರಿ, ಕಪಿಲೆ, ಜತೆಗೆ ಗುಪ್ತವಾಗಿ ಸ್ಫಟಿಕ ಸರೋವರ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ. 2025ರ ಫೆಬ್ರುವರಿಯಲ್ಲೂ ಆಯಿತು. ಮೇಳವಿಲ್ಲದ ದಿನ ಸಂಗಮದಲ್ಲಿ ತೆಪ್ಪ, ಎಮ್ಮೆ, ಬಟ್ಟೆ ಒಗೆಯುವ ಸದ್ದು. ಮರಳ ದಿಬ್ಬದಲ್ಲಿ ಕೊಕ್ಕರೆಗಳು ತರ್ಪಣದ ಅನ್ನಕ್ಕೆ ಕಾಗೆಗಳೊಡನೆ ಪೈಪೋಟಿ ನಡೆಸಿದ್ದವು.

ದಡದಲ್ಲಿ ಗುಂಜಾನರಸಿಂಹ. ಇವನ ಬೆರಳ ಸಂದಿನಲ್ಲೊಂದು ಗುಲಗಂಜಿ ಇದೆ. ಕಾಶಿಯ ಪುಣ್ಯವನ್ನೂ ಈ ಕ್ಷೇತ್ರದ ಪುಣ್ಯವನ್ನೂ ತಕ್ಕಡಿಗಿಟ್ಟರೆ ಈ ಕಡೆ ಒಂದು ಗುಲಗಂಜಿಯಷ್ಟು ತೂಕ ಹೆಚ್ಚಂತೆ. ಹೂ ಮಾರುವಾಕೆ ಅದನ್ನು ಹೇಳಿದ ರೀತಿ ಚೆನ್ನಾಗಿತ್ತು: "ಕಾಸಿಗಿಂತ ಜಾಸ್ತಿ ಅದ ಕಣಣ್ಣ ಇಲ್ಲಿ. ಬಾಳ ಇಲ್ಲ, ಒಂದು ಗುಲಗಂಜಿ." ಆ 'ಬಾಳ ಇಲ್ಲ' ಅನ್ನುವುದೇ ನನಗೆ ಹಿಡಿಸಿತು. ಊರಿನ ಹೆಮ್ಮೆಗೂ ಚಿನಿವಾರನ ತೂಕ! ಹೆಚ್ಚಿಗೆ ಕೊಚ್ಚಿಕೊಂಡರೆ ಕಾಶಿಗೆ ಹೋಗಿಬಂದವರು ನಂಬಲಾರರು.

ಹೊಳೆಯಾಚೆ ತಿರುಮಕೂಡಲಿನ ಅಗಸ್ತ್ಯೇಶ್ವರನದು ಇನ್ನೂ ಬೇರೆ ಕತೆ. ಅಗಸ್ತ್ಯರು ಲಿಂಗ ತರಲೆಂದು ಹನುಮಂತನನ್ನು ಕಾಶಿಗೆ ಕಳಿಸಿದರು, ಮುಹೂರ್ತ ಮೀರುತ್ತಾ ಬಂತು, ಕೈಗೆ ಸಿಕ್ಕಿದ ಹೊಳೆಯ ಮರಳನ್ನೇ ಲಿಂಗ ಮಾಡಿ ಪೂಜಿಸಿದರು. ತಡವಾಗಿ ಬಂದ ಹನುಮಂತನ ಕೋಪಕ್ಕೆ ಹನುಮಂತೇಶ್ವರನೆಂಬ ಇನ್ನೊಂದು ಗುಡಿಯೇ ಆಗಬೇಕಾಯಿತು. ಮರಳ ಲಿಂಗದ ನೆತ್ತಿಯಲ್ಲಿ ನೀರು ಜಿನುಗುತ್ತದೆ. ಅದನ್ನೇ ಉದ್ಧರಣೆಯಲ್ಲಿ ಎತ್ತಿ ತೀರ್ಥ ಕೊಡುತ್ತಾರೆ. ಉಳಿಯಿಲ್ಲ, ಶಿಲ್ಪಶಾಸ್ತ್ರವಿಲ್ಲ, ಒಂದು ಹಿಡಿ ಮರಳು, ಒಂದು ಬೊಗಸೆ ನೀರು. ಪಿಟೀಲು ಚೌಡಯ್ಯನವರು ಹುಟ್ಟಿದ್ದು ಈ ಊರಿನಲ್ಲೇ, 1895ರಲ್ಲಿ. ನಾಲ್ಕು ತಂತಿ ಸಾಲದೆಂದು ಏಳು ತಂತಿ ಬಿಗಿದವರು. ಹಿಡಿಯಲಾಗದ್ದನ್ನು ಹಿಡಿದಿಡುವ ಚಾಳಿ ಈ ನೀರಿನಲ್ಲೇ ಇರಬೇಕು.

ತಲಕಾಡು ಇಲ್ಲಿಂದ ದೂರವಿಲ್ಲ. ಚೋಳರನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ನಿಲ್ಲಿಸಿದ ಕೀರ್ತಿನಾರಾಯಣ, ವೈದ್ಯೇಶ್ವರನ ಆಳೆತ್ತರ ಮೀರಿದ ದ್ವಾರಪಾಲಕರು, ಅಲಮೇಲಮ್ಮನ ಶಾಪದ ಮರಳು. ಅಲ್ಲಿಗೆ ಅಂದು ಹೋಗಲಿಲ್ಲ. ಒಂದೇ ಹಗಲಿನಲ್ಲಿ ತಲಕಾಡನ್ನೂ ಮುಗಿಸುತ್ತೇವೆ ಅನ್ನುವವರು ಮರಳಲ್ಲಿ ನಡೆದವರಲ್ಲ.

ಸೋಮನಾಥಪುರ ತಲುಪುವಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಟಿಕೆಟ್ಟು, ಹುಲ್ಲುಹಾಸು, ನೀಲಿ ಫಲಕ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜತೆ ಇದೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದೆ. ಬಾಗಿಲಲ್ಲೇ ನಿಂತಿರುವ ಶಾಸನದ ಕಲ್ಲು ಎಲ್ಲರನ್ನೂ ನೋಡುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಹೊಯ್ಸಳರ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲಿ ಅಗ್ರಹಾರ ಮಾಡಿ ಅದರ ನಡುವೆ 1268ರಲ್ಲಿ ಕಟ್ಟಿಸಿದ ಗುಡಿ ಇದು. ಸುತ್ತ 64 ಕೋಣೆಗಳ ಕೈಸಾಲೆ, ನಡುವೆ ನಕ್ಷತ್ರದ ಮೂಲೆಗಳುಳ್ಳ ಜಗಲಿ, ಅದರ ಮೇಲೆ ಮೂರು ಗೋಪುರ.

ನಂಜನಗೂಡಿನ ಕಣಶಿಲೆ ಉಳಿಗೆ ಮಣಿಯದ ಹಟಮಾರಿ. ಇಲ್ಲಿಯದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಕುಡಿದಂತೆ ಗಟ್ಟಿ. ಹಾಗಾಗಿ ಇಲ್ಲಿ ಸೊಂಟದ ಡಾಬಿನ ಒಂದೊಂದು ಗೊಂಡೆಯೂ ಬಿಡಿ, ಬಿಲ್ಲಿನ ಹೆದೆಯೂ ಬಿಡಿ. ಬುಡದಿಂದ ಮೇಲಕ್ಕೆ ಪಟ್ಟಿ ಪಟ್ಟಿ: ಆನೆ, ಕುದುರೆ ಸವಾರರು, ಬಳ್ಳಿ, ಕತೆ, ಮಕರ, ಹಂಸ. ಆನೆಗಳು ಸಾಲಾಗಿ ಹೋಗುತ್ತಲೇ ಇರುತ್ತವೆ, ಆದರೆ ಒಂದು ಸೊಂಡಿಲು ಮುಂದಿನದರ ಬಾಲ ಹಿಡಿದಿದೆ, ಒಂದು ಯಾರನ್ನೋ ತುಳಿಯುತ್ತಿದೆ, ಒಂದಕ್ಕೆ ಸುಮ್ಮನೆ ನಡೆದು ಬೇಸರ ಬಂದಿದೆ. ಕತೆಯ ಪಟ್ಟಿಯನ್ನು ಬಲಬಂದೇ ಓದಬೇಕು. ತೆಂಕಣ ಗೋಡೆಯಲ್ಲಿ ರಾಮಾಯಣ, ಹಿಂದೆ ಭಾಗವತ, ಬಡಗಣದಲ್ಲಿ ಭಾರತ. ಪುಟ ತಿರುಗಿಸುವ ಬದಲು ನಾವೇ ತಿರುಗುವ ಪುಸ್ತಕ.

ಸಂಜೆಯಲ್ಲಿ ಬರುವುದರ ಲಾಭ ಹಿಂಗೋಡೆ. ಅಡ್ಡ ಬಿಸಿಲು ಬಿದ್ದು ಭಾಗವತ ಎದ್ದು ಕೂರುತ್ತದೆ. ಬೆಳಿಗ್ಗೆ ಬೂದಿಯಂತಿರುವ ಕಲ್ಲಿಗೆ ಈಗ ಬೆಲ್ಲದ ಬಣ್ಣ. ಮೇಲಿನ ದೊಡ್ಡ ವಿಗ್ರಹಗಳ ಆಭರಣದ ತೂತುಗಳಲ್ಲೆಲ್ಲ ಕತ್ತಲ ಚುಕ್ಕೆಗಳು.

ಇಲ್ಲಿ ಮಂಡಿಯೂರಬೇಕು. ಭಕ್ತಿಗಲ್ಲ, ಓದುವುದಕ್ಕೆ. ವಿಗ್ರಹಗಳ ಪಾದಪೀಠದಲ್ಲಿ ಹದಿಮೂರನೆಯ ಶತಮಾನದ ಕನ್ನಡ ಅಕ್ಷರಗಳಲ್ಲಿ ಕೆತ್ತಿದವನ ಹೆಸರಿದೆ. ಮಲ್ಲಿತಮ್ಮ. ಕೆಲವು ಕಡೆ ಬರೀ ಮಲ್ಲಿ. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ಗೋಡೆಯ 194 ದೊಡ್ಡ ವಿಗ್ರಹಗಳಲ್ಲಿ 40ರಷ್ಟು ಮಲ್ಲಿತಮ್ಮನವು. 1917ರಲ್ಲಿ ಈ ಗುಡಿಯ ಮೇಲೆ ಪುಸ್ತಕ ಬರೆದ ಆರ್. ನರಸಿಂಹಾಚಾರ್ಯರು ಒಂದೊಂದೇ ಎಣಿಸಿ ಇಟ್ಟ ಲೆಕ್ಕ. ಫ್ರಾನ್ಸಿನ ಒತಾಂ ಇಗರ್ಜಿಯ ಬಾಗಿಲಲ್ಲಿ ಗಿಸ್ಲೆಬೆರ್ತಸ್ ಎಂಬ ಒಂದು ಹೆಸರಿದೆ; ಅದು ಕೆತ್ತಿದವನದೋ ಕೆತ್ತಿಸಿದವನದೋ ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ನಮ್ಮವರು ಅಂಥ ಜಗಳಕ್ಕೆ ಎಡೆಯೇ ಕೊಟ್ಟಿಲ್ಲ, ಗೋಡೆ ತುಂಬ ರುಜು ಹಾಕಿದ್ದಾರೆ. ಅಮೃತಾಪುರದ ಅಮೃತೇಶ್ವರ ಗುಡಿಯಲ್ಲಿ 1196ರಲ್ಲೇ ಮಲ್ಲಿತಮ್ಮನ ಹೆಸರು ಬರುತ್ತದೆ. ಇವನೇ ಅವನಾದರೆ ಸೋಮನಾಥಪುರಕ್ಕೆ ಬರುವಾಗ ತೊಂಬತ್ತರ ಹತ್ತಿರದ ಮುದುಕ. ಕೈ ನಡುಗಿದ ಗುರುತು ಎಲ್ಲಾದರೂ ಇದೆಯೇ ಎಂದು ನಾನು ದೊಡ್ಡ ಪತ್ತೇದಾರನ ಹಾಗೆ ಹುಡುಕಿದೆ. ಸಿಕ್ಕಿದ್ದು ಎರಡು ಹಲ್ಲಿ.

ಒಳಗೆ ನವರಂಗದ ಚಾವಣಿ ನೋಡಲು ನೆಲದ ಮೇಲೆ ಅಂಗಾತ ಮಲಗುವುದೇ ಸರಿ. ಹದಿನಾರು ಅಂಕಣ, ಒಂದರಂತೆ ಒಂದಿಲ್ಲ. ಬಾಳೆಯ ಮೂತಿ ಒಂದರಲ್ಲಿ ಮುಚ್ಚಿದೆ, ಇನ್ನೊಂದರಲ್ಲಿ ಬಿರಿಯುತ್ತಿದೆ, ಮತ್ತೊಂದರಲ್ಲಿ ಬಿರಿದು ಜೋತಿದೆ. ಸುತ್ತ ಹಳ್ಳಿಗಳಲ್ಲಿ ಬಾಳೆತೋಟ ಕಂಡವನೇ ಮಾಡಿರಬೇಕು. ಬಡಗಣ ಗುಡಿಯಲ್ಲಿ ಜನಾರ್ದನ. ತೆಂಕಣದಲ್ಲಿ ವೇಣುಗೋಪಾಲ, ಕಾಲ ಬಳಿ ಕಿವಿ ನಿಮಿರಿಸಿದ ಗೋವುಗಳು. ನಡುವಿನ ಕೇಶವ ಮೂಲದವನಲ್ಲ, ಆಮೇಲೆ ತಂದು ನಿಲ್ಲಿಸಿದವನು. ಮೂವರಿಗೂ ಪೂಜೆಯಿಲ್ಲ, ದೀಪವಿಲ್ಲ. ಮೊಬೈಲಿನ ಟಾರ್ಚು ಬಿಟ್ಟು ನೋಡುತ್ತಾರೆ.

ಮುಚ್ಚುವ ಹೊತ್ತಿಗೆ ಗಂಡ, ಮಗಳು, ಮೊಮ್ಮಕ್ಕಳ ಜತೆ ಬಂದಿದ್ದ ಒಬ್ಬ ಹೆಂಗಸು ಕೈಚೀಲದಿಂದ ತೆಂಗಿನಕಾಯಿ ತೆಗೆದು ಗಾರ್ಡನ್ನು ಕೇಳಿದರು.

"ಮಂಗಳಾರತಿ ಎಷ್ಟೊತ್ತಿಗಪ್ಪ?"

"ಇಲ್ಲಿ ಪೂಜೆ ಇಲ್ಲ ಕಣವ್ವ. ನೋಡಕ್ಕೆ ಅಷ್ಟೆ."

"ನೋಡಕ್ಕೆ ಅಷ್ಟೇನಾ?" ಅಂದು ಕಾಯಿಯನ್ನು ಚೀಲಕ್ಕೆ ಹಾಕಿಕೊಂಡರು. ಮನಸ್ಸು ಒಪ್ಪಲಿಲ್ಲ. ಇನ್ನೊಂದು ಸುತ್ತು ಬಂದರು. ಬರುತ್ತಾ ಆನೆಸಾಲಿನ ಮೇಲೆ ಬೆರಳಾಡಿಸಿಕೊಂಡೇ ಬಂದರು, ಒಂದೊಂದು ಬೆನ್ನೂ ಸವರುತ್ತಾ. ಗಾರ್ಡು ದೂರದಿಂದ "ಮುಟ್ಟಬೇಡೀ" ಎಂದು ಕೂಗಿದ. ಹಿಂಗೋಡೆಯ ತಿರುವಿನಲ್ಲಿ ಅವರ ಕೈ ನಿಂತಿತು. ಬೆರಳುಗಳನ್ನು ಕಣ್ಣಿಗೊತ್ತಿಕೊಂಡು, ಮೊಮ್ಮಗನ ಕಣ್ಣಿಗೂ ಒತ್ತಿ, ಬನ್ನೂರು ಬಸ್ಸು ಹೋಯಿತಾ ಎಂದು ನನ್ನನ್ನು ಕೇಳಿದರು.

ಇಲ್ಲ, ಇನ್ನೂ ಬಂದಿರಲಿಲ್ಲ.